ಅತ್ಯುತ್ತಮ ಗಿಟಾರ್ ವಾದಕ ಯಾರು? ರಿಪೇರಿ ಮೇಜಿನ ಮುಂದೆ ಕೂತು ಯೋಚಿಸಿದ್ದು

ಆರು ತಿಂಗಳ ಹಿಂದೆ ಕಾಲೇಜು ಹುಡುಗನೊಬ್ಬ ತನ್ನ ಅಕೌಸ್ಟಿಕ್ ಗಿಟಾರನ್ನು ನನ್ನ ಮೇಜಿನ ಮೇಲೆ ಮಲಗಿಸಿ, "ತಂತಿಗಳು ಝರ್ ಎನ್ನುತ್ತಿವೆ ಸರ್, ಅಂಗಡಿಯಲ್ಲಿ ದೋಷವಿರುವುದನ್ನೇ ನನ್ನ ತಲೆಗೆ ಕಟ್ಟಿದ್ದಾರೆ" ಎಂದು ದೂರಿದ. ಉಕ್ಕಿನ ಪಟ್ಟಿ ಹಿಡಿದು ಅಳೆದೆ. ಗಿಟಾರಿನ ಕುತ್ತಿಗೆಗೆ, ಅಂದರೆ ನೆಕ್‌ಗೆ, ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್‌ಗಳು. 12ನೇ ಫ್ರೆಟ್ ಬಳಿ ದಪ್ಪ ತಂತಿಯ ಎತ್ತರ 2 ಮಿ.ಮೀ.ಗಿಂತ ತುಸು ಹೆಚ್ಚು, ಇರಬೇಕಾದಷ್ಟೇ. ಫ್ರೆಟ್‌ಗಳು ಸಮವಾಗಿದ್ದವು, ನೆಕ್ ಸರಿಯಾಗಿತ್ತು. ಒಂದು ಸಲ ಮೀಟಿ ನೋಡಿದಾಗ ವಿಷಯ ಗೊತ್ತಾಯಿತು. ಒಂದನೇ, ಎರಡನೇ ಮತ್ತು ಆರನೇ ತಂತಿಗಳನ್ನು ಅವನು ಎರಡೆರಡು ಫ್ರೆಟ್‌ನಷ್ಟು ಇಳಿಸಿ ಶ್ರುತಿ ಮಾಡಿಕೊಂಡಿದ್ದ. ಸಡಿಲವಾದ ತಂತಿ ಅಗಲವಾಗಿ ತೂಗುತ್ತದೆ, ತೂಗುವಾಗ ಫ್ರೆಟ್‌ಗೆ ತಾಗುತ್ತದೆ. ಗಿಟಾರಿನ ತಪ್ಪೇನೂ ಇರಲಿಲ್ಲ.

ಆರು ತಂತಿಗಳ ಸ್ವರಗಳಿಂದಲೇ ಹೆಸರು ಪಡೆದ ಡಿ-ಎ-ಡಿ-ಜಿ-ಎ-ಡಿ ಎಂಬ ಈ ಶ್ರುತಿಯನ್ನು 1960ರ ದಶಕದ ಆರಂಭದಲ್ಲಿ ಚಾಲ್ತಿಗೆ ತಂದವನು ಇಂಗ್ಲೆಂಡಿನ ಗಿಟಾರ್ ವಾದಕ ಡೇವಿ ಗ್ರಹಾಂ. ಮೊರೊಕ್ಕೊದಲ್ಲಿ ಊದ್ ಎಂಬ ಅರಬ್ಬರ ತಂತಿವಾದ್ಯದವರ ಜೊತೆ ನುಡಿಸಲು ಇದನ್ನು ಮಾಡಿಕೊಂಡ ಎನ್ನುತ್ತಾರೆ. ನನ್ನ ಗಿರಾಕಿ ಆ ಹೆಸರನ್ನೇ ಕೇಳಿರಲಿಲ್ಲ. ಯಾವುದೋ ವಿಡಿಯೊ ನೋಡಿ ಕಲಿತಿದ್ದ.

ಶ್ರುತಿ ಇಳಿಸಿದರೂ ಬಿಗಿಯಾಗಿರುವಂತೆ ದಪ್ಪ ತಂತಿ ಹಾಕಿ, ತಂತಿಗಳನ್ನು ಹೊರುವ ಕುದುರೆಯ (ಬ್ರಿಜ್) ಮೇಲಿನ ಪಟ್ಟಿಯನ್ನು ಎತ್ತರಿಸಿ ಕೊಡಲು ಅರ್ಧ ದಿನ ಬೇಕಿತ್ತು. ಅಷ್ಟು ಹೊತ್ತೂ ಅವನು ಎದುರಿಗೇ ಕೂತಿದ್ದ. ಅರ ಹಿಡಿದು ಕೂತವನ ಎದುರಿಗೆ ಕೂತವರೆಲ್ಲ ಒಂದಲ್ಲ ಒಂದು ಹೊತ್ತಿಗೆ ಕೇಳುವ ಪ್ರಶ್ನೆಯನ್ನು ಅವನೂ ಕೇಳಿದ: "ಅಕೌಸ್ಟಿಕ್ ಗಿಟಾರಿನಲ್ಲಿ ಎಲ್ಲರಿಗಿಂತ ಮೇಲು ಯಾರು ಸರ್? ಟಾಮಿ ಇಮ್ಯಾನುಯೆಲ್ ತಾನೇ?"

ಟಾಮಿಯ ಹೆಸರು ಬಂದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಆಸ್ಟ್ರೇಲಿಯಾದ ಈತನ ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ತಾಳ ತಪ್ಪದೆ ನಡೆಯುತ್ತಿದ್ದರೆ ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಹಾಡುತ್ತಿರುತ್ತವೆ. ಕಣ್ಣು ಮುಚ್ಚಿ ಕೇಳಿದವರು ಇಬ್ಬರು ನುಡಿಸುತ್ತಿದ್ದಾರೆ ಎಂದೇ ತಿಳಿಯುತ್ತಾರೆ. ಆದರೆ ಆ ಹೆಬ್ಬೆರಳು ಅವನಿಗೆ ಬಂದದ್ದು ಬಾಲ್ಯದಲ್ಲಿ ರೇಡಿಯೊದಲ್ಲಿ ಕೇಳಿದ ಅಮೆರಿಕದ ವಾದಕ ಚೆಟ್ ಅಟ್ಕಿನ್ಸ್‌ನಿಂದ. ಚೆಟ್‌ಗೆ ಬಂದದ್ದೂ ರೇಡಿಯೊದಿಂದಲೇ, ಮರ್ಲ್ ಟ್ರಾವಿಸ್‌ನನ್ನು ಕೇಳಿ. ಇಲ್ಲೊಂದು ಸೊಗಸಾದ ಎಡವಟ್ಟಿದೆ. ಟ್ರಾವಿಸ್ ಬಳಸುತ್ತಿದ್ದುದು ಹೆಬ್ಬೆರಳು ಮತ್ತು ತೋರುಬೆರಳನ್ನು ಮಾತ್ರ. ಕಣ್ಣಾರೆ ನೋಡದ ಚೆಟ್, ಇಷ್ಟೆಲ್ಲ ನುಡಿಸಲು ಇನ್ನೂ ಬೆರಳುಗಳು ಬೇಕೇ ಬೇಕು ಎಂದುಕೊಂಡು ಅವುಗಳನ್ನೂ ಪಳಗಿಸಿಬಿಟ್ಟ. ತಪ್ಪು ತಿಳಿವಳಿಕೆಯಿಂದ ಒಂದು ಶೈಲಿಯೇ ಹುಟ್ಟಿತು.

ಟ್ರಾವಿಸ್‌ಗೆ ಕಲಿಸಿದವರು ಯಾರು? ಅವನು ಅಮೆರಿಕದ ಕೆಂಟಕಿ ರಾಜ್ಯದ ಮ್ಯೂಲೆನ್‌ಬರ್ಗ್ ಕೌಂಟಿಯ ಕಲ್ಲಿದ್ದಲು ಗಣಿಗಳ ಸೀಮೆಯವನು. ಅಲ್ಲಿ ಮೋಸ್ ರೇಗರ್ ಎಂಬವನಿದ್ದ, ಅವನಿಗಿಂತ ಮೊದಲು ಕೆನಡಿ ಜೋನ್ಸ್. ಇನ್ನೂ ಹಿಂದೆ ಹೋದರೆ ಸಿಗುವವನು ಆರ್ನಾಲ್ಡ್ ಶುಲ್ಟ್ಸ್ ಎಂಬ ಕಪ್ಪು ವಾದಕ. 1931ರಲ್ಲಿ ತೀರಿಕೊಂಡ ಶುಲ್ಟ್ಸ್‌ನ ಒಂದೇ ಒಂದು ಧ್ವನಿಮುದ್ರಣವೂ ಇಲ್ಲ. ಗುರುಪರಂಪರೆಯ ತುದಿಯಲ್ಲಿ ನಿಂತವನ ವಾದನವನ್ನು ನಾವ್ಯಾರೂ ಕೇಳೇ ಇಲ್ಲ ಎಂದ ಮೇಲೆ ಪಟ್ಟಿ ಮಾಡುವವರು ಯಾವ ಧೈರ್ಯದಿಂದ ಒಂದರಿಂದ ಎಣಿಸಲು ಶುರು ಮಾಡುತ್ತಾರೋ!

ಹಾಗೆ ನೋಡಿದರೆ ಚೆಟ್ ಈ ವಿಷಯದಲ್ಲಿ ಜಾಣ. ತನಗೆ ಮೆಚ್ಚುಗೆಯಾದವರಿಗೆ ಅವನು ಒಂದು ಬಿರುದು ಕೊಡುತ್ತಿದ್ದ, 1999ರಲ್ಲಿ ಟಾಮಿಗೂ ಕೊಟ್ಟ. ಬಿರುದಿನ ಅರ್ಥ ಬರೀ 'ಪ್ರಮಾಣಿತ ಗಿಟಾರ್ ವಾದಕ' ಎಂದು. ಕೊಟ್ಟದ್ದೂ ಒಬ್ಬನಿಗಲ್ಲ, ನಾಲ್ವರಿಗೆ.

ನನ್ನ ಕಸುಬಿನ ತೊಂದರೆ ಇನ್ನೊಂದಿದೆ. ಹೆಸರು ಒಂದೇ ಆದರೂ ಮೇಜಿಗೆ ಬರುವ ವಾದ್ಯಗಳು ಒಂದಲ್ಲ. ಉಕ್ಕಿನ ತಂತಿಯ ಗಿಟಾರಿನ ಮೇಲೆ ಆರೂ ತಂತಿಗಳ ಒಟ್ಟು ಎಳೆತ ಸುಮಾರು 70 ಕೆ.ಜಿ.; ನೈಲಾನ್ ತಂತಿಯದರ ಮೇಲೆ ಸುಮಾರು 40. ತಲೆಯ ಬಳಿ ಒಂದರ ನೆಕ್‌ನ ಅಗಲ 43 ಮಿ.ಮೀ., ಇನ್ನೊಂದರದು 52. ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಹಾಕಿ ಕುದುರೆ ಕಿತ್ತುಕೊಂಡು ಬಂದವರನ್ನು ಪ್ರತಿ ಮಳೆಗಾಲದಲ್ಲಿ ಇಬ್ಬರನ್ನಾದರೂ ನೋಡುತ್ತೇನೆ. (ಮಳೆಗೂ ಇದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಕೂತಾಗ ಹೀಗೆಲ್ಲ ಮಾಡಲು ತೋಚುತ್ತದೆ, ಅಷ್ಟೇ.) ತಂತಿಯ ಮೇಲೆ ಕೊಳವೆಯನ್ನೋ ಸರಳನ್ನೋ ಜಾರಿಸುತ್ತ ಸ್ಲೈಡ್ ನುಡಿಸುವವರಿಗಂತೂ ತಂತಿಗಳನ್ನು ಫ್ರೆಟ್‌ನಿಂದ ಎಷ್ಟು ಎತ್ತರಿಸಿದರೂ ಸಾಲದು. ವಿಶ್ವಮೋಹನ ಭಟ್ಟರು ಹಾಗೆ ಜಾರಿಸಿ ನುಡಿಸುವ ಮೋಹನ ವೀಣೆ ಎಂಬ ಮಾರ್ಪಡಿಸಿದ ಗಿಟಾರನ್ನು ಟಾಮಿಯ ತೊಡೆಯ ಮೇಲಿಟ್ಟರೆ ಇಬ್ಬರಲ್ಲಿ ಯಾರು ಮೇಲು ಎಂದು ಹೇಗೆ ಹೇಳುತ್ತೀರಿ?

ಆ ಝರ್ ಸದ್ದನ್ನೇ ತೆಗೆದುಕೊಳ್ಳಿ. ಹುಡುಗನಿಗೆ ಅದು ದೋಷ. ಸ್ಪೇನಿನ ಫ್ಲಮೆಂಕೊ ವಾದಕರು ತಂತಿಗಳನ್ನು ಬೇಕೆಂದೇ ತಗ್ಗಿಸಿ ಇಡಿಸುತ್ತಾರೆ, ತುಸು ಝರ್ ಎಂದರೆ ಅವರಿಗೆ ಅದು ರುಚಿ. ನಮ್ಮ ತಂಬೂರಿಯಲ್ಲಿ ಕುದುರೆಯ ಮೇಲೆ, ತಂತಿಯ ಅಡಿಗೆ ಎಳೆ ದಾರ ಸೇರಿಸಿ ಅದೇ ಝೇಂಕಾರವನ್ನು ನಾವೇ ತರಿಸಿಕೊಳ್ಳುವುದಿಲ್ಲವೇ? ಫ್ಲಮೆಂಕೊದ ಪಾಕೊ ಡಿ ಲೂಸಿಯಾ ಸ್ವರಲಿಪಿ ಓದುವುದರಲ್ಲಿ ಪಳಗಿದವನಲ್ಲ. 1991ರಲ್ಲಿ ಅವನು ರೊಡ್ರಿಗೊ ಗಿಟಾರ್ ಮತ್ತು ವಾದ್ಯವೃಂದಕ್ಕೆಂದು ರಚಿಸಿದ ಅರಂಹುಯೆಸ್ ಕಾನ್ಸರ್ಟೊ ಎಂಬ ಶಾಸ್ತ್ರೀಯ ಕೃತಿಯನ್ನು ಕಲಿತು, ರಚನಕಾರನ ಎದುರಿಗೇ ನುಡಿಸಿದ. ಅವನ ನಾದ ಒರಟು ಎಂದು ಮೂಗು ಮುರಿಯುವ ಶಾಸ್ತ್ರೀಯ ವಾದಕರಿದ್ದಾರೆ. ನನಗೆ ಲಯಕ್ಕಾಗಿ ಅದೇ ಬೇಕು. ಅವರ ಕಿವಿ ಸುಳ್ಳಲ್ಲ, ನನ್ನದೂ ಅಲ್ಲ.

ಇಷ್ಟು ಹೇಳಿದರೂ ಹುಡುಗ ಬಿಡಲಿಲ್ಲ. "ಒಂದು ಹೆಸರು ಹೇಳಿ ಸರ್" ಎಂದು ದುಂಬಾಲು ಬಿದ್ದ. ಎಲಿಜಬೆತ್ ಕಾಟನ್ ಎಂದೆ. ಅಮೆರಿಕದ ಜಾನಪದ ವಾದಕಿ. ಎಡಚಿ. ಬಲಗೈಯವರ ಗಿಟಾರನ್ನು ತಂತಿ ಬದಲಿಸದೆ ತಿರುಗಿಸಿ ಹಿಡಿದಳು. ಹೀಗಾಗಿ ಮಂದ್ರವನ್ನು ಬೆರಳುಗಳೂ ಹಾಡನ್ನು ಹೆಬ್ಬೆರಳೂ ನುಡಿಸಬೇಕಾಯಿತು, ಟ್ರಾವಿಸ್‌ನ ಕೈಗೆ ಪೂರ್ತಿ ತದ್ವಿರುದ್ಧ. ಮನೆಗೆಲಸಕ್ಕೆಂದು ಸೇರಿದ್ದು ಸೀಗರ್ ಎಂಬ ಸಂಗೀತಗಾರರ ಮನೆಗೆ. ಅಲ್ಲಿ ಗೋಡೆಯ ಮೇಲಿದ್ದ ಗಿಟಾರನ್ನು ಕೈಗೆತ್ತಿಕೊಂಡದ್ದರಿಂದಲೇ 60 ದಾಟಿದ ಮೇಲೆ ಅವಳ ವಾದನ ಧ್ವನಿಮುದ್ರಣವಾಯಿತು. 90ರ ಆಸುಪಾಸಿನಲ್ಲಿ, 1985ರಲ್ಲಿ ಗ್ರ್ಯಾಮಿ ಬಂತು. ಬೇರೆ ಮನೆಗೆ ಪಾತ್ರೆ ತೊಳೆಯಲು ಹೋಗಿದ್ದರೆ?

"ಅಂದರೆ ಅವಳು ಟಾಮಿಗಿಂತ ಮೇಲೇ?" ಎಂದ ಹುಡುಗ. ವೇಗದಲ್ಲಿ ಅಲ್ಲ, ಸ್ವಚ್ಛತೆಯಲ್ಲಿಯೂ ಅಲ್ಲ ಎಂದೆ. ಎಡಗೈ ಮಗುವಿಗೆ ಗಿಟಾರ್ ಬದಲಿಸಿ ಕೊಡಿ ಎಂದು ಅಪ್ಪ ಅಮ್ಮ ಬಂದಾಗಲೆಲ್ಲ ನನಗೆ ನೆನಪಾಗುವುದು ಅವಳು, ಟಾಮಿ ಅಲ್ಲ. ಅವನ ಮುಖದಲ್ಲಿ ನಿರಾಸೆ ಕಾಣಿಸಿತು. ಮಜೂರಿ ಕೊಟ್ಟು ಹೋದ.

ಕಳೆದ ವಾರ ಅದೇ ಹುಡುಗ, ಅದೇ ಗಿಟಾರ್. ಶ್ರುತಿಯನ್ನು ಮಾಮೂಲಿಗೆ ತಂದಿದ್ದಾನೆ, ನಾನು ಹಾಕಿದ ದಪ್ಪ ತಂತಿ ಈಗ ಬಿಲ್ಲಿನ ಹೆದೆಯಂತೆ ಬಿಗಿದಿದೆ. "ಬೆರಳು ಉರಿಯುತ್ತಿದೆ ಸರ್, ಸಣ್ಣ ತಂತಿ ಹಾಕಿ ತಗ್ಗಿಸಿಕೊಡಿ." ಗಿಟಾರಿನ ಹೊಟ್ಟೆಯ ಮೇಲೆ ಉಗುರಿನಿಂದ ಬಡಿದ ಹೊಸ ಗುರುತುಗಳಿದ್ದವು. ಯಾರನ್ನು ಕೇಳುತ್ತಿದ್ದೀಯ ಎಂದೆ. ಗಿಟಾರಿನ ಹೊಟ್ಟೆಯನ್ನೂ ಬಡಿದು ನುಡಿಸುತ್ತಿದ್ದ ಅಮೆರಿಕದ ಮೈಕೆಲ್ ಹೆಡ್ಜಸ್ ಅಂತೆ. ಅವನಿಗಿಂತ ಮೇಲು ಯಾರೂ ಇಲ್ಲವಂತೆ.