ಒಂದು ಟ್ಯಾಬ್ ನುಂಗಿದ ರಾತ್ರಿ

ಗಣಪತಿ ಹಬ್ಬ. ಪುಣೆ ತುಂಬಾ ಢೋಲ್ ಸದ್ದು. ನಾನು ಹಿಂಜವಡಿಯ ಆಫೀಸಿನಲ್ಲಿ ಒಂದು ಯಾಮಲ್ ಫೈಲ್ (ಸಾಫ್ಟ್‌ವೇರ್ ಹೇಗೆ ನಡೀಬೇಕು ಅಂತ ಬರೆದಿಡೋ ಸೆಟ್ಟಿಂಗ್ ಫೈಲಿನ ಒಂದು ಬಗೆ) ಮುಂದೆ ಕೂತಿದ್ದೆ. ಬಂದ ವೆಬ್ ರಿಕ್ವೆಸ್ಟ್‌ಗಳನ್ನು ಸರಿಯಾದ ಕಡೆ ಕಳಿಸೋ ಟ್ರಾಫಿಕ್ ಅನ್ನೋ ಸಾಫ್ಟ್‌ವೇರ್ (ಹಿಂಜವಡಿಯ ಟ್ರಾಫಿಕ್ ಅಲ್ಲ, ಆದರೆ ಅದೂ ಜಾಮ್ ಆಗಿತ್ತು) ಏನು ಮಾಡಿದರೂ ಶುರುವಾಗುತ್ತಿರಲಿಲ್ಲ. ಧಾರವಾಡದ ಗೆಳೆಯ ಬಗ್ಗಿ ನೋಡಿ, "ಟ್ಯಾಬ್ ಹೊಡದೀ ಏನ್ ನೋಡಪಾ" ಅಂದ. ಹೌದು, ಯಾಮಲ್‌ನಲ್ಲಿ ಸಾಲು ಒಳಗೆ ತಳ್ಳೋಕೆ ಸ್ಪೇಸ್ ಮಾತ್ರ ನಡೆಯುತ್ತೆ.

ವೆಬ್ ಸರ್ವರ್, ಅಂದರೆ ಸೈಟ್‌ನ ಪುಟ ಕಳಿಸಿಕೊಡೋ ಪ್ರೋಗ್ರಾಂ, ಅದರ ಸೆಟ್ಟಿಂಗ್ ಫೈಲ್ ಮೊದಲು ಹೀಗಿರಲಿಲ್ಲ. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರವಾದ ಎನ್‌ಸಿಎಸ್‌ಎಯಲ್ಲಿ ರಾಬ್ ಮೆಕೂಲ್ ಬರೆದ ಸರ್ವರ್‌ಗೆ ಒಂದೊಂದು ಸಾಲಿಗೆ ಒಂದೊಂದು ಆಜ್ಞೆ, ಮುಂದೆ ಅದಕ್ಕೆ ಕೊಡೋ ಮೌಲ್ಯ, ಅಷ್ಟೇ. 1995ರಲ್ಲಿ ಅದೇ ಕೋಡ್‌ಗೆ ತೇಪೆ ಹಾಕುತ್ತಾ ಅಪಾಚಿ ಹುಟ್ಟಿತು, ಫೈಲ್‌ನ ರೂಪವೂ ಬಳುವಳಿಯಾಗಿ ಬಂತು. ಅದರ ಕೆಲವು ಸಾಲು ನೋಡೋಕೆ ವೆಬ್ ಪುಟದ ಎಚ್‌ಟಿಎಂಎಲ್ ಟ್ಯಾಗ್ ಥರ ಇರುತ್ತೆ, ಆದರೆ ಅಲ್ಲ. ಜೊತೆಗೆ ಫೋಲ್ಡರ್ ಒಳಗೇ ಇಡೋ ಸಣ್ಣ ಸೆಟ್ಟಿಂಗ್ ಫೈಲ್, ಡಾಟ್ ಎಚ್‌ಟಿ‌ಆ್ಯಕ್ಸೆಸ್. ಒಂದೇ ಸರ್ವರ್‌ನಲ್ಲಿ ನೂರು ಜನರ ಸೈಟ್ ಇದ್ದರೆ ಅವರವರ ಫೋಲ್ಡರ್‌ಗೆ ಅವರವರೇ ನಿಯಮ ಬರೆದುಕೊಳ್ಳಬಹುದು. ಅನುಕೂಲವೇ, ಆದರೆ ಪ್ರತಿ ರಿಕ್ವೆಸ್ಟ್‌ಗೂ ಸರ್ವರ್ ಫೋಲ್ಡರ್ ಫೋಲ್ಡರ್ ತಡಕಾಡಬೇಕು. ಮುಖ್ಯ ಫೈಲ್ ಕೈಗೆ ಸಿಗೋದಾದರೆ ಇದನ್ನು ಬಳಸಬೇಡಿ ಅಂತ ಅಪಾಚಿಯವರೇ ಹೇಳುತ್ತಾರೆ.

2004ರಲ್ಲಿ ಇಗೋರ್ ಸಿಸೋಯೆವ್ ಹೊರಗೆ ಬಿಟ್ಟ ಸರ್ವರ್ ಎಂಜಿನ್‌ಎಕ್ಸ್ ಆ ಗೋಜಿಗೇ ಹೋಗಲಿಲ್ಲ. ಹೂಬ್ರಾಕೆಟ್ಟು, ಸೆಮಿಕೋಲನ್ನು. ಓದೋಕೆ ಚೆಂದ. ಆದರೆ ಸೆಮಿಕೋಲನ್ ಮರೆತದ್ದು ಒಂದು ಸಾಲಿನಲ್ಲಿ, ಅದು ಬೈಯೋದು ಮುಂದಿನ ಸಾಲಿಗೆ! ಮೈಕ್ರೋಸಾಫ್ಟ್‌ನವರ ಸರ್ವರ್ ಐಐಎಸ್ ಟ್ಯಾಗ್‌ಗಳಲ್ಲೇ ಬರೆಯೋ ಎಕ್ಸ್‌ಎಂಎಲ್ ಹಿಡಿಯಿತು, ಅದರ ಬಗ್ಗೆ ಜಾಸ್ತಿ ಹೇಳೋಕೆ ಮನಸ್ಸಿಲ್ಲ.

ಆಮೇಲೆ ಕಂಟೇನರ್ ಕಾಲ ಬಂತು, ಅಂದರೆ ಪ್ರೋಗ್ರಾಂ, ಅದಕ್ಕೆ ಬೇಕಾದ್ದೆಲ್ಲ ಒಂದೇ ಡಬ್ಬಿಯಲ್ಲಿ ಕಟ್ಟಿ ನಡೆಸೋದು. ಫೈಲ್ ಬರೆಯೋದು ಮನುಷ್ಯನಾ, ಪ್ರೋಗ್ರಾಮಾ? ಜಗಳ ಇರೋದೇ ಇಲ್ಲಿ ಅನ್ನಿಸುತ್ತೆ. ಪ್ರೋಗ್ರಾಂಗೆ ಜೇಸನ್ ಅನ್ನೋ ಬರವಣಿಗೆಯ ರೂಪ ಸಲೀಸು. ಆದರೆ ಅದರಲ್ಲಿ ಕಾಮೆಂಟ್, ಅಂದರೆ ಓದೋರಿಗಾಗಿ ಟಿಪ್ಪಣಿ, ಹಾಕೋ ಹಾಗಿಲ್ಲ. ಈ ಸಾಲು ಯಾಕೆ ಸೇರಿಸಿದೆ ಅಂತ ಎರಡು ವರ್ಷ ಬಿಟ್ಟು ಯಾರನ್ನು ಕೇಳೋದು? ಯಾಮಲ್‌ನಲ್ಲಿ ಕಾಮೆಂಟ್ ಉಂಟು, ಕಾಟವೂ ಉಂಟು. ಹಳೆ 1.1 ನಿಯಮದ ಪ್ರಕಾರ ದೇಶಗಳ ಪಟ್ಟಿಯಲ್ಲಿ ನಾರ್ವೆಯ ಎರಡಕ್ಷರದ ಕೋಡ್ NO ಬರೆದರೆ ಅದನ್ನು 'ನೋ', ಅಂದರೆ 'ಇಲ್ಲ' ಅಂತ ಓದಿಕೊಳ್ಳುತ್ತೆ. 2009ರ 1.2ರಲ್ಲಿ ಇದನ್ನು ಕೈಬಿಟ್ಟರೂ ಹಳೇದನ್ನೇ ಹಿಡಿದ ಯಾಮಲ್ ಓದೋ ಕೋಡ್ ಲೈಬ್ರರಿಗಳು ಇನ್ನೂ ಇವೆ. 2015ರ ಕ್ಯಾಡಿ ಅನ್ನೋ ಸರ್ವರ್ ಜಾಣತನ ಮಾಡಿತು. 2020ರ ಎರಡನೇ ಆವೃತ್ತಿಯಲ್ಲಿ ಒಳಗೆಲ್ಲ ಜೇಸನ್, ನಾವು ಬರೆಯೋದು ಸರಳವಾದ ಕ್ಯಾಡಿಫೈಲ್, ಅದನ್ನು ಕ್ಯಾಡಿಯೇ ಜೇಸನ್‌ಗೆ ಬದಲಾಯಿಸಿಕೊಳ್ಳುತ್ತೆ.

ಇಲ್ಲಿನ ನಮ್ಮ ಕನ್ನಡ ಬಳಗದ ಸೈಟ್ ನೋಡಿಕೊಳ್ಳೋದು ಬ್ಯಾಂಕಿನಿಂದ ರಿಟೈರ್ ಆದ ಕುಮಟಾ ಕಡೆಯ ಮಾಮ. ಅವರಿಗೆ ಕ್ಯಾಡಿಯನ್ನೇ ಹಾಕಿಕೊಟ್ಟೆ, ಕ್ಯಾಡಿಫೈಲ್ ನಾಲ್ಕೇ ಸಾಲು. ಮೊನ್ನೆ ತೆರೆದು ನೋಡಿದರೆ ಮೇಲೆ ಕಾಮೆಂಟ್‌ನ ಹ್ಯಾಶ್ ಹಾಕಿ ಕನ್ನಡದಲ್ಲೇ ಬರೆದಿದ್ದರು: "ಡೊಮೇನ್ ದುಡ್ಡು ಜೂನ್‌ನಲ್ಲಿ ಕಟ್ಟಬೇಕು. ಮರೆಯಬೇಡಿ."