ಬ್ಯಾಂಡ್ ಇಲ್ಲದ ಹಾಡುಗಳು: ಯುದ್ಧಕಾಲದ ಅಮೆರಿಕದ ರೇಡಿಯೊ ಕುರಿತು ಟಿಪ್ಪಣಿ

ಓದುವ ಮೊದಲು ಎರಡು ಹಾಡು ಕೇಳಿಬಿಡಿ. ಒಂದು, ಗ್ಲೆನ್ ಮಿಲ್ಲರ್ ಬ್ಯಾಂಡಿನ 'ಚಟ್ಟನೂಗ ಚೂ ಚೂ', 1941ರದ್ದು. ಇನ್ನೊಂದು, ಡಿಕ್ ಹೇಮ್ಸ್ ಹಾಡಿದ 'ಯೂಲ್ ನೆವರ್ ನೋ', 1943ರದ್ದು. ಮೊದಲನೆಯದರಲ್ಲಿ ಬ್ಯಾಂಡ್ ಸ್ಟೇಷನ್ ಬಿಡುವ ರೈಲಿನಂತೆ ಮೆಲ್ಲಗೆ ವೇಗ ಹಿಡಿಯುತ್ತದೆ. ಹಾಡುವವರ ದನಿ ಬರಲು ಹೆಚ್ಚುಕಡಿಮೆ ಒಂದು ನಿಮಿಷ ಕಾಯಬೇಕು. ಮೂರು-ಮೂರೂವರೆ ನಿಮಿಷದ ಗ್ರಾಮಫೋನ್ ಪ್ಲೇಟಿನಲ್ಲಿ ಅದು ಜಾಸ್ತಿನೇ ಅಲ್ವಾ? ಎರಡನೆಯದರಲ್ಲಿ ಬ್ಯಾಂಡೇ ಇಲ್ಲ. ಸ್ಯಾಕ್ಸೊಫೋನ್ ಇರಬೇಕಾದ ಜಾಗದಲ್ಲಿ ಕೋರಸ್‌ನವರು ಬಾಯಲ್ಲೇ ದನಿ ಎಳೆಯುತ್ತಾರೆ.

ಜನರ ರುಚಿ ಬದಲಾಯಿತು ಅಂತ ಬರೆದು ಮುಂದೆ ಹೋಗುವುದು ಸುಲಭ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ನಿಜವಾದ ಕಾರಣ ಒಂದು ಮುಷ್ಕರ.

1942ರ ಆಗಸ್ಟ್ 1ರಿಂದ ಅಮೆರಿಕದ ವಾದ್ಯಗಾರರ ಸಂಘ ರೆಕಾರ್ಡಿಂಗ್ ನಿಲ್ಲಿಸಿತು. ಅದರ ಅಧ್ಯಕ್ಷ ಜೇಮ್ಸ್ ಪೆಟ್ರಿಲ್ಲೊ. ಅವರ ವಾದ ಸರಳವಾಗಿತ್ತು: ಒಂದು ಸಲ ನುಡಿಸಿದ್ದನ್ನು ಪ್ಲೇಟಿಗೆ ಇಳಿಸಿ, ಸಣ್ಣಪುಟ್ಟ ರೇಡಿಯೊ ಕೇಂದ್ರಗಳಲ್ಲೂ ಹೋಟೆಲಿನಲ್ಲಿ ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸಿನಲ್ಲೂ ಸಾವಿರ ಸಲ ಹಾಕಿದರೆ, ಅಲ್ಲಿ ದಿನಾ ನುಡಿಸಿ ಊಟ ಮಾಡುತ್ತಿದ್ದವನ ಗತಿ ಏನು? ಮಾರಾಟವಾದ ಪ್ರತಿ ಪ್ಲೇಟಿಗೂ ಸಂಘದ ನಿಧಿಗೆ ಇಷ್ಟು ಅಂತ ಕೊಡಿ ಎಂದು ಪಟ್ಟು ಹಿಡಿದರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹಟ ಮಾಡಿದರು ಅಂತ ಪತ್ರಿಕೆಗಳು ಪೆಟ್ರಿಲ್ಲೊ ಅವರನ್ನು ಚೆನ್ನಾಗಿ ಬೈದವು. ನನಗಂತೂ ಅವರ ಕೇಳಿಕೆ ನ್ಯಾಯವಾಗಿಯೇ ಕಾಣುತ್ತದೆ.

ಇಲ್ಲೊಂದು ವಿಷಯ ನೆನಪಿಡಿ, ಬಹಳ ಜನ ಎಡವುವುದು ಇಲ್ಲೇ. ನಿಂತದ್ದು ರೆಕಾರ್ಡಿಂಗ್ ಮಾತ್ರ. ರೇಡಿಯೊದಲ್ಲಿ ನೇರವಾಗಿ ನುಡಿಸಲು ತಡೆ ಇರಲಿಲ್ಲ. ಎನ್‌ಬಿಸಿ, ಸಿಬಿಎಸ್‌ನಂಥ ದೊಡ್ಡ ಜಾಲಗಳಲ್ಲಿ ಸಂಗೀತವೆಲ್ಲ ಹೆಚ್ಚಾಗಿ ನೇರ ಪ್ರಸಾರವೇ. ವಾರದ ಜನಪ್ರಿಯ ಹಾಡುಗಳ 'ಯುವರ್ ಹಿಟ್ ಪರೇಡ್' ಕಾರ್ಯಕ್ರಮದಲ್ಲೂ ಪ್ಲೇಟು ಹಾಕುತ್ತಿರಲಿಲ್ಲ, ಅವರದೇ ವಾದ್ಯಗೋಷ್ಠಿ ನುಡಿಸುತ್ತಿತ್ತು. ಹಾಗಾಗಿ ರಾತ್ರಿ ರೇಡಿಯೊದಲ್ಲಿ ಕೇಳಿದ ಹೊಸ ಹಾಡಿನ ಪ್ಲೇಟು ಬೆಳಿಗ್ಗೆ ಅಂಗಡಿಯಲ್ಲಿ ಸಿಗದಿರುವ ವಿಚಿತ್ರ ಪರಿಸ್ಥಿತಿ ಬಂತು.

ಹಾಡುವವರು ಈ ಸಂಘದ ಸದಸ್ಯರಲ್ಲ. ಕಂಪನಿಗಳು ಹಿಡಿದ ದಾರಿ ಅದೇ: ಗಾಯಕ ಮತ್ತು ಕೋರಸ್, ವಾದ್ಯ ಬೇಡ. ಹೇಮ್ಸ್ ಹಾಡು ಹುಟ್ಟಿದ್ದು ಹೀಗೆ. ಫ್ರಾಂಕ್ ಸಿನಾತ್ರ ಕೂಡ 1943ರಲ್ಲಿ ಕೊಲಂಬಿಯಾ ಕಂಪನಿಗೆ ಹೀಗೆಯೇ ಹಾಡಿದರು.

ಇನ್ನೊಂದು ದಾರಿ, ಗೋದಾಮಿನಲ್ಲಿದ್ದ ಹಳೆಯದನ್ನು ಹೊರತೆಗೆಯುವುದು. 'ಕಾಸಾಬ್ಲಾಂಕಾ' ಸಿನಿಮಾ ಬಂದು 'ಆಸ್ ಟೈಮ್ ಗೋಸ್ ಬೈ' ಎಲ್ಲರ ಬಾಯಲ್ಲೂ ಕೂತಿತು. ಹೊಸದಾಗಿ ರೆಕಾರ್ಡ್ ಮಾಡುವ ಹಾಗಿಲ್ಲ. ಆಗ ರೂಡಿ ವ್ಯಾಲಿ 1931ರಲ್ಲಿ ಹಾಡಿದ್ದ ಪ್ಲೇಟನ್ನೇ ಮತ್ತೆ ಮಾರುಕಟ್ಟೆಗೆ ಬಿಟ್ಟರು. ಹನ್ನೆರಡು ವರ್ಷ ಹಳೆಯ ದನಿ 1943ರ ಹಿಟ್ ಆಯಿತು!

ನನಗೆ ತುಂಬಾ ಇಷ್ಟವಾದ ಉದಾಹರಣೆ 'ಆಲ್ ಆರ್ ನಥಿಂಗ್ ಅಟ್ ಆಲ್'. 1939ರಲ್ಲಿ ಹ್ಯಾರಿ ಜೇಮ್ಸ್ ಬ್ಯಾಂಡ್ ಇದನ್ನು ರೆಕಾರ್ಡ್ ಮಾಡಿದಾಗ ಹಾಡಿದವರು ಸಿನಾತ್ರ. ಲೇಬಲ್ ಮೇಲೆ ಬ್ಯಾಂಡಿನ ಹೆಸರು ದೊಡ್ಡದು, ಗಾಯಕನದು ಕೆಳಗೆ ಚಿಕ್ಕದು. ಪ್ಲೇಟು ಅಷ್ಟೇನೂ ಓಡಲಿಲ್ಲ. 1943ರಲ್ಲಿ ಅದನ್ನೇ ಮತ್ತೆ ಬಿಟ್ಟಾಗ ಸಿನಾತ್ರ ಹೆಸರು ಮೇಲೆ ಬಂತು, ಜೇಮ್ಸ್ ಹೆಸರು ಕೆಳಗಿಳಿಯಿತು. ಈ ಸಲ ಹತ್ತು ಲಕ್ಷದಷ್ಟು ಮಾರಾಟವಾಯಿತು. ಒಳಗಿನ ಹಾಡಿನಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಬ್ಯಾಂಡಿನ ಕಾಲ ಹೋಗಿ ಗಾಯಕರ ಕಾಲ ಬಂದದ್ದನ್ನು ನೋಡಬೇಕೆಂದರೆ ಆ ಎರಡು ಲೇಬಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಮುಷ್ಕರದ ಜೊತೆಗೆ ಇನ್ನೊಂದು ಕೊರತೆಯೂ ಸೇರಿತ್ತು, ಅದರ ಎಳೆ ನಮ್ಮ ದೇಶಕ್ಕೇ ಬರುತ್ತದೆ. ಆಗಿನ ಪ್ಲೇಟುಗಳಿಗೆ ಶೆಲ್ಯಾಕ್ ಬೇಕು. ಶೆಲ್ಯಾಕ್ ಅಂದರೆ ಅರಗು. ಮುತ್ತುಗ, ಎಲಚಿಯಂಥ ಮರಗಳ ಕೊಂಬೆಗೆ ಕೂತ ಪುಟ್ಟ ಹುಳುಗಳು ಸ್ರವಿಸುವ ಅಂಟು. ಪಾಂಡವರ ಅರಗಿನ ಮನೆಯದೂ ಅದೇ, ಚನ್ನಪಟ್ಟಣದ ಬೊಂಬೆಗೆ ಬಣ್ಣದ ಹೊಳಪು ಕೊಡುವುದೂ ಅದೇ. ಅಮೆರಿಕಕ್ಕೆ ಅದು ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದಿಂದ. ಯುದ್ಧ ಬಂದು ಹಡಗಿನ ದಾರಿ ಕಷ್ಟವಾಯಿತು, ಸೈನ್ಯಕ್ಕೂ ಅರಗು ಬೇಕಾಯಿತು. 1942ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಪ್ಲೇಟು ಕಂಪನಿಗಳ ಪಾಲನ್ನು ಶೇ. 70ರಷ್ಟು ಕತ್ತರಿಸಿತು. ಹಳೇ ಪ್ಲೇಟು, ಒಡೆದದ್ದಾದರೂ ಸರಿ, ವಾಪಸ್ ತನ್ನಿ ಎಂದು ಅಂಗಡಿಗಳವರು ಕೇಳತೊಡಗಿದರು. ಕರಗಿಸಿ ಹೊಸದು ಮಾಡಬೇಕಲ್ಲ.

ಸೈನಿಕರಿಗೆ ಮಾತ್ರ ಬೇರೆ ವ್ಯವಸ್ಥೆ ಇತ್ತು. ಮಾರಾಟ ಮಾಡುವುದಿಲ್ಲ ಎಂಬ ಷರತ್ತಿನ ಮೇಲೆ 'ವಿ-ಡಿಸ್ಕ್' ಎಂಬ ಪ್ಲೇಟುಗಳಿಗೆ ನುಡಿಸಲು ಸಂಘ ಒಪ್ಪಿತು. 1943ರ ಅಕ್ಟೋಬರ್‌ನಿಂದ ಅವು ರಣರಂಗಕ್ಕೆ ಹೊರಟವು. ಅರಗಿನ ಪ್ಲೇಟು ದಾರಿಯಲ್ಲೇ ಒಡೆಯುತ್ತದೆ ಅಂತ ಹೆಚ್ಚಿನವನ್ನು ವಿನೈಲ್‌ನಲ್ಲಿ ಮಾಡಿದರು. ಈ ಎರಡು ವರ್ಷದ ಎಷ್ಟೋ ಬ್ಯಾಂಡ್‌ಗಳ ನುಡಿಸಾಣಿಕೆ ನಮಗೆ ಇವತ್ತು ಸಿಗುವುದು ಇವುಗಳಿಂದ ಮತ್ತು ರೇಡಿಯೊ ಪ್ರಸಾರವನ್ನು ಹಿಡಿದಿಟ್ಟ ಮುದ್ರಣಗಳಿಂದ.

ಡೆಕ್ಕಾ ಕಂಪನಿ 1943ರ ಸೆಪ್ಟೆಂಬರ್‌ನಲ್ಲೇ ರಾಜಿಗೆ ಬಂತು. ಕೊಲಂಬಿಯಾ ಮತ್ತು ಆರ್‌ಸಿಎ ವಿಕ್ಟರ್ ಸಹಿ ಹಾಕಿದ್ದು 1944ರ ನವೆಂಬರ್ 11ಕ್ಕೆ. ಅದಾಗಿ ಐದೇ ವಾರಕ್ಕೆ, ಡಿಸೆಂಬರ್ 15ರಂದು, ಸೈನ್ಯ ಸೇರಿದ್ದ ಗ್ಲೆನ್ ಮಿಲ್ಲರ್ ಇದ್ದ ವಿಮಾನ ಇಂಗ್ಲಿಷ್ ಕಾಲುವೆಯ ಮೇಲೆ ಕಾಣೆಯಾಯಿತು.

ಕೊನೆಗೆ ಕೇಳಬೇಕಾದ ಹಾಡು ಲೆಸ್ ಬ್ರೌನ್ ಬ್ಯಾಂಡಿನ 'ಸೆಂಟಿಮೆಂಟಲ್ ಜರ್ನಿ'. ಮುಷ್ಕರ ಮುಗಿಯುವ ಮೊದಲೇ ಅವರು ಅದನ್ನು ವೇದಿಕೆಯಲ್ಲಿ ನುಡಿಸುತ್ತಿದ್ದರು. ಪ್ಲೇಟಿಗೆ ಇಳಿಸಿದ್ದು ಸಹಿ ಬಿದ್ದ ಒಂಬತ್ತು ದಿನಕ್ಕೆ, ನವೆಂಬರ್ 20ರಂದು. ಅದು ಅಂಗಡಿಗೆ ಬಂದ 1945ರಲ್ಲಿ ಯುದ್ಧ ಮುಗಿದು ಸೈನಿಕರು ಮನೆಗೆ ಹೊರಟರು, ಊರಿಗೆ ಮರಳುವ ಈ ಹಾಡು ಅವರದೇ ಆಗಿಹೋಯಿತು. ಕೇಳುವಾಗ ಗಮನಿಸಿ: ಮೊದಲು ಬ್ಯಾಂಡ್, ಅವಸರವಿಲ್ಲದೆ. ಆಮೇಲೆ ಡಾರಿಸ್ ಡೇ ದನಿ.