ಲಾನ್ ಕಿತ್ತ ಮೇಲೆ ಮರಕ್ಕೆ ನೀರು ಯಾರು ಕೊಡುತ್ತಾರೆ?

ತೋಟ ವಿನ್ಯಾಸ ಮಾಡಿಕೊಡುವ ನನಗೆ ಬೇಸಿಗೆ ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನೀರಿನ ಕೊರತೆ ಇರುವ ಕೆಲವು ಊರುಗಳಲ್ಲಿ ತೋಟಕ್ಕೆ ಯಾವ ದಿನ, ಯಾವ ಹೊತ್ತಿನಲ್ಲಿ ನೀರು ಬಿಡಬಹುದು ಎಂಬುದಕ್ಕೆ ನಿಯಮ ಇರುತ್ತದೆ, ಪ್ರಶ್ನೆ ಹುಟ್ಟುವುದು ಅದರಿಂದ. ‘ವಾರಕ್ಕೆ ಎರಡೇ ದಿನ ನೀರು ಬಿಡಬೇಕಂತೆ, ಗಿಡ ಉಳಿಯುತ್ತವಾ?’

ಬಹುಪಾಲು ಉಳಿಯುತ್ತವೆ. ಹೊಸದಾಗಿ ನೆಟ್ಟವನ್ನು ಬಿಟ್ಟು ಉಳಿದ ಗಿಡಗಳಿಗೆ ದಿನಾ ಚೂರು ಚೂರು ನೀರು ಕೊಡುವುದಕ್ಕಿಂತ, ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವ ಹಾಗೆ ಕೊಡುವುದೇ ಒಳ್ಳೆಯದು. ದಿನಾ ಮೇಲ್ಮಣ್ಣು ಮಾತ್ರ ಒದ್ದೆಯಾಗುತ್ತಿದ್ದರೆ ಬೇರು ಕೆಳಗೆ ಇಳಿಯುವುದಿಲ್ಲ. ಅಂಥ ಗಿಡ ಎರಡು ದಿನ ನೀರು ತಪ್ಪಿದರೂ ಬಾಡುತ್ತದೆ.

ಹೊತ್ತಿನ ನಿಯಮಕ್ಕೂ ಅರ್ಥವಿದೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ ಬೇಸಿಗೆಯ ದಿನಗಳಲ್ಲಿ ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ಸ್ಪ್ರಿಂಕ್ಲರ್ ಹಾಕುವಂತಿಲ್ಲ. ಬಿಸಿಲು, ಗಾಳಿ ಎರಡೂ ಜೋರಾಗಿರುವ ಹೊತ್ತಿನಲ್ಲಿ ಚಿಮ್ಮಿದ ನೀರಿನ ಒಂದು ಪಾಲು ಗಾಳಿಗೇ ಹೋಗುತ್ತದೆ, ಬೇರಿಗೆ ಸಿಗುವುದಿಲ್ಲ.

ಆದರೆ ಇಂಥ ನಿಯಮಕ್ಕೆ ಒಂದು ಕೊರತೆ ಇದೆ. ಅದು ದಿನ ಎಣಿಸುತ್ತದೆ, ಲೀಟರ್ ಎಣಿಸುವುದಿಲ್ಲ. ಎರಡೇ ದಿನ ಅಂದ ತಕ್ಷಣ ಜನ ಟೈಮರನ್ನು ಹತ್ತು ನಿಮಿಷದಿಂದ ಅರ್ಧ ಗಂಟೆಗೆ ಏರಿಸಿಬಿಡುತ್ತಾರೆ. ಜೇಡಿಮಣ್ಣು ಅಷ್ಟು ಬೇಗ ನೀರು ಕುಡಿಯುವುದಿಲ್ಲ. ನೀರು ಹರಿದು ಚರಂಡಿ ಸೇರುತ್ತದೆ. ಇದಕ್ಕೆ ನಾನು ಹೇಳುವ ಉಪಾಯ ಸುಲಭ. ಹನ್ನೆರಡು ನಿಮಿಷ ಒಟ್ಟಿಗೆ ಬಿಡಬೇಡಿ. ನಾಲ್ಕು ನಿಮಿಷ ಬಿಡಿ, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ನಾಲ್ಕು ನಿಮಿಷ ಬಿಡಿ. ಹೀಗೆ ಮೂರು ಸಲ. ಅಷ್ಟೇ ನೀರು, ಆದರೆ ಮಣ್ಣಿನೊಳಗೆ ಇಳಿಯುತ್ತದೆ.

ನನಗೆ ಹೆಚ್ಚು ಹಿಡಿಸುವುದು ಲೆಕ್ಕದ ನಿಯಮ. ತೋಟದ ನೀರಿನ ಬಗ್ಗೆ ಕ್ಯಾಲಿಫೋರ್ನಿಯಾ ರಾಜ್ಯ ಮಾಡಿರುವ ಮಾದರಿ ಕಾಯ್ದೆ ಹಾಗಿದೆ. 2015ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಇಂಥ ಗಿಡವನ್ನೇ ನೆಡಿ ಎಂದು ಅದು ಹೇಳುವುದಿಲ್ಲ. ನಿಮ್ಮ ಜಾಗಕ್ಕೆ ವರ್ಷಕ್ಕೆ ಇಷ್ಟು ನೀರು, ಅದರೊಳಗೆ ತೋಟ ಮಾಡಿಕೊಳ್ಳಿ ಎನ್ನುತ್ತದೆ. ಆ ಊರಿನ ಬಿಸಿಲು ಗಾಳಿಗೆ ಹಸಿರು ಹುಲ್ಲಿನ ಮೈದಾನದಿಂದ ಎಷ್ಟು ನೀರು ಆವಿಯಾಗುತ್ತದೆ ಎಂಬುದು ಅಳತೆಗೋಲು. ಹೊಸ ಮನೆಯ ತೋಟಕ್ಕೆ ಅದರಲ್ಲಿ ಶೇ. 55, ಕಚೇರಿ, ಅಂಗಡಿಗಳಂಥ ಜಾಗಕ್ಕೆ ಶೇ. 45 ಸಿಗುತ್ತದೆ. ತರಕಾರಿ, ಹಣ್ಣು ಬೆಳೆಯುವ ಜಾಗಕ್ಕೆ ಪೂರ್ತಿ ನೂರು. ಈ ಕೊನೆಯ ಮಾತು ನನಗೆ ತುಂಬಾ ಇಷ್ಟ.

ಲೆಕ್ಕ ಕಷ್ಟದ್ದಲ್ಲ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ನೀರು ಅಂದರೆ ಸರಿಯಾಗಿ ಒಂದು ಲೀಟರ್. ಸುಡುಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾಗುತ್ತದೆ ಅಂದುಕೊಳ್ಳಿ. ನೂರು ಚದರ ಮೀಟರಿಗೆ 600 ಲೀಟರ್ ಆಯಿತು. ಜಾಸ್ತಿ ನೀರು ಬೇಡುವ ಲಾನ್ ಇದರ ಶೇ. 80 ಕೇಳುತ್ತದೆ, ಅಂದರೆ 480 ಲೀಟರ್. ಸ್ಪ್ರಿಂಕ್ಲರ್ ಬಿಟ್ಟ ನೀರಿನಲ್ಲಿ ಮುಕ್ಕಾಲು ಪಾಲು ಮಾತ್ರ ಕೆಲಸಕ್ಕೆ ಬರುವುದರಿಂದ ನಲ್ಲಿಯಿಂದ 640 ಲೀಟರ್ ಬಿಡಬೇಕು. ಅದೇ ಜಾಗದಲ್ಲಿ ಒಣಹವೆಗೆ ಒಗ್ಗಿದ ಪೊದೆಗಿಡಗಳನ್ನು ನೆಟ್ಟರೆ ಅವು ಕೇಳುವುದು ಶೇ. 20 ಮಾತ್ರ, ಅಂದರೆ 120 ಲೀಟರ್. ಡ್ರಿಪ್‌ನಲ್ಲಿ, ಅಂದರೆ ಹನಿ ನೀರಾವರಿಯಲ್ಲಿ ಕೊಟ್ಟರೆ, ಪೋಲಾಗುವ ಚೂರನ್ನೂ ಸೇರಿಸಿ ಸುಮಾರು 150 ಲೀಟರ್ ಸಾಕು. ಒಂದೇ ಜಾಗ, ಒಂದೇ ಬಿಸಿಲು, ಎಷ್ಟು ವ್ಯತ್ಯಾಸ ನೋಡಿ.

ಈ ಉಳಿತಾಯ ಸಿಗಬೇಕಾದರೆ ಒಂದೇ ರೀತಿ ಬಾಯಾರುವ ಗಿಡಗಳು ಒಂದೇ ವಾಲ್ವ್‌ನಲ್ಲಿ ಇರಬೇಕು. ನಾನು ನೋಡುವ ತೋಟಗಳಲ್ಲಿ ಇದೇ ದೊಡ್ಡ ತಪ್ಪು. ಹತ್ತು ಗಟ್ಟಿ ಗಿಡಗಳ ನಡುವೆ ಒಂದು ನಾಜೂಕು ಹೂಗಿಡ ಇರುತ್ತದೆ. ಅದು ಬಾಡಿತೆಂದು ಎಲ್ಲಕ್ಕೂ ನೀರು ಏರಿಸುತ್ತಾರೆ. ಆ ಒಂದನ್ನು ಕುಂಡಕ್ಕೆ ಸಾಗಿಸಿದರೆ ಮುಗಿಯುತ್ತದೆ. ಪಾತಿಯ ಮೇಲೆ ಮೂರು ಇಂಚು ತರಗೆಲೆಯೋ ಮರದ ಚಕ್ಕೆಯೋ ಹರಡುವುದನ್ನೂ ಕ್ಯಾಲಿಫೋರ್ನಿಯಾದ ಆ ಕಾಯ್ದೆ ಕಡ್ಡಾಯ ಮಾಡಿದೆ. ಕಾಯ್ದೆ ಇಲ್ಲದ ಊರಲ್ಲೂ ಮಾಡಿ.

ಇನ್ನು ಲಾನ್ ತೆಗೆದರೆ ಹಣ ಕೊಡುವ ಯೋಜನೆಗಳು. ಲಾಸ್ ವೇಗಸ್ ಇರುವ ದಕ್ಷಿಣ ನೆವಾಡದ ಜಲ ಪ್ರಾಧಿಕಾರ ವರ್ಷಗಳಿಂದ ಇದನ್ನು ನಡೆಸುತ್ತಿದೆ. ಒಂದು ಚದರ ಅಡಿ ಹುಲ್ಲು ಹೋದರೆ ವರ್ಷಕ್ಕೆ 55 ಗ್ಯಾಲನ್, ಅಂದರೆ ಸುಮಾರು 208 ಲೀಟರ್ ಉಳಿಯುತ್ತದೆ ಎಂಬುದು ಅವರ ಲೆಕ್ಕ. 2021ರಲ್ಲಿ ನೆವಾಡ ಇನ್ನೂ ಮುಂದೆ ಹೋಯಿತು. ಯಾರೂ ಕಾಲಿಡದ, ಬರೀ ನೋಟಕ್ಕಿರುವ ಹುಲ್ಲಿಗೆ 2027ರಿಂದ ಕೊಲರಾಡೊ ನದಿಯ ನೀರು ಬಳಸುವಂತಿಲ್ಲ ಎಂದು ಕಾನೂನು ಮಾಡಿತು. ರಸ್ತೆ ನಡುವಿನ ಪಟ್ಟಿ, ಕಚೇರಿ ಮುಂದಿನ ಹುಲ್ಲು ಇದರಲ್ಲಿ ಬರುತ್ತವೆ. ಮಕ್ಕಳು ಆಡುವ ಮೈದಾನ ಬರುವುದಿಲ್ಲ. ನ್ಯಾಯವಾದ ಗೆರೆ ಅಲ್ವಾ?

ಹಣ ಕೊಡುವ ಯೋಜನೆ ಎಲ್ಲೇ ಇರಲಿ, ಮೊದಲು ಅರ್ಜಿ, ಆಮೇಲೆ ಗುದ್ದಲಿ. ಸಾಮಾನ್ಯವಾಗಿ ಹುಲ್ಲು ಇರುವಾಗಲೇ ಅವರು ಬಂದು ನೋಡಬೇಕು. ಉತ್ಸಾಹದಲ್ಲಿ ಕಿತ್ತು ಹಾಕಿ ಆಮೇಲೆ ಕೇಳಿದರೆ ಹಣ ಸಿಗುವುದಿಲ್ಲ. ನೆವಾಡದ ಯೋಜನೆಯಲ್ಲಿ ಇನ್ನೊಂದು ಷರತ್ತೂ ಇದೆ. ಹೊಸ ಗಿಡಗಳು ಬೆಳೆದಾಗ ಅರ್ಧ ಜಾಗವನ್ನಾದರೂ ಮುಚ್ಚಬೇಕು. ಸುಮ್ನೆ ಜಲ್ಲಿ ಸುರಿದು ಬಿಟ್ಟರೆ ನೆಲ ಕಾಯುತ್ತದೆ, ಪಕ್ಕದ ಗೋಡೆಯೂ ಕಾಯುತ್ತದೆ. 1981ರಲ್ಲಿ ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಇಲಾಖೆ ‘ಜೆರಿಸ್ಕೇಪ್’ ಎಂಬ ಹೆಸರು ಹುಟ್ಟುಹಾಕಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಕಡಿಮೆ ನೀರಿನ ಹಸಿರು ತೋಟ, ಕಲ್ಲಿನ ಅಂಗಳವಲ್ಲ.

ನಾನು ಇಷ್ಟು ಬರೆದದ್ದು ಮುಖ್ಯವಾಗಿ ಮರದ ಮಾತಿಗೆ ಬರುವುದಕ್ಕೆ. ಲಾನ್ ನಡುವೆ ಬೆಳೆದ ಮರಕ್ಕೆ ಯಾರೂ ಬೇರೆಯಾಗಿ ನೀರು ಹಾಕಿರುವುದಿಲ್ಲ. ಹುಲ್ಲಿಗೆ ಬಿಟ್ಟ ನೀರನ್ನೇ ಅದು ವರ್ಷಗಟ್ಟಲೆ ಕುಡಿದಿರುತ್ತದೆ. ಒಂದು ದಿನ ಲಾನ್ ಹೋಗುತ್ತದೆ, ಸ್ಪ್ರಿಂಕ್ಲರ್ ನಿಲ್ಲುತ್ತದೆ. ಮರ ತಕ್ಷಣ ಏನೂ ತೋರಿಸುವುದಿಲ್ಲ. ಮುಂದಿನ ಬೇಸಿಗೆಯಲ್ಲೋ ಅದರ ಮುಂದಿನದರಲ್ಲೋ ತುದಿ ಕೊಂಬೆಗಳು ಒಣಗತೊಡಗುತ್ತವೆ. ಆರಂಭದ ದಿನಗಳಲ್ಲಿ ನಾನೂ ಒಂದು ತೋಟದಲ್ಲಿ ಹೀಗೆ ಒಂದು ದೊಡ್ಡ ಮರ ಕಳೆದೆ. ಬುಡದ ಹತ್ತಿರ ಎರಡು ಡ್ರಿಪ್ ಕೊಟ್ಟಿದ್ದೆ, ಸಾಕು ಅಂದುಕೊಂಡಿದ್ದೆ. ನೀರು ಹೀರುವ ಎಳೆಬೇರುಗಳು ಬುಡದಲ್ಲಿ ಇರುವುದಿಲ್ಲ. ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ, ಕೊಂಬೆಗಳ ನೆರಳಿನ ಅಂಚಿನಲ್ಲಿ ಮತ್ತು ಅದರಾಚೆಗೆ ಹರಡಿರುತ್ತವೆ. ಆ ಮರ ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಈಗ ನಾನು ಲಾನ್ ಕೀಳುವ ಮೊದಲೇ ಮರದ ಕೆಲಸ ಮಾಡುತ್ತೇನೆ. ನೆರಳಿನ ಅಂಚು ಹಿಡಿದು ಡ್ರಿಪ್ ಪೈಪನ್ನು ಸುತ್ತು ಹಾಕುತ್ತೇನೆ, ದೊಡ್ಡ ಮರವಾದರೆ ಎರಡು ಮೂರು ಸುತ್ತು. ಅದಕ್ಕೆ ಬೇರೆಯೇ ವಾಲ್ವ್. ಮರದ ಹತ್ತಿರ ಹುಲ್ಲನ್ನು ಯಂತ್ರದಲ್ಲಿ ಕೆತ್ತಿಸುವುದಿಲ್ಲ, ಎಳೆಬೇರು ತುಂಡಾಗುತ್ತವೆ. ಅಲ್ಲಿ ಹುಲ್ಲಿನ ಮೇಲೆ ರಟ್ಟು ಹಾಸಿ ಮೇಲೆ ಚಕ್ಕೆ ಹರಡುತ್ತೇನೆ, ಬುಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು. ನೀರು ಬಿಟ್ಟ ಮಾರನೇ ದಿನ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡುತ್ತೇನೆ. ಹಿಡಿಯವರೆಗೆ ಸಲೀಸಾಗಿ ಇಳಿದರೆ ನೀರು ಮುಟ್ಟಿದೆ. ನಡುವೆ ತಡೆದರೆ ಇನ್ನೊಂದು ಸುತ್ತು ಬಿಡಬೇಕು.